ಬಳಪದ ಹಲಗೆಯಿಂದ ಬೆಳಕಿನ ಹಲಗೆಗೆ

ಬಳ್ಳಾರಿ ಸೀಮೆಯ ಶಿಕ್ಷಣದ ಚರಿತ್ರೆಯನ್ನು ಬರೆಯಹೊರಟವರು ಯಾರೂ ಕಡೆಗಣಿಸಲಾಗದ ಬರಹವೊಂದಿದೆ. ಮದರಾಸು ಪ್ರಾಂತದ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಅವರು 1822ರಲ್ಲಿ ಪ್ರಾಂತದ ದೇಶೀಯ ಶಾಲೆಗಳ ಸ್ಥಿತಿಗತಿಯನ್ನು ಅರಿಯಬಯಸಿ ಎಲ್ಲ ಕಲೆಕ್ಟರರಿಂದಲೂ ವಿವರಗಳನ್ನು ಕೇಳಿದರು. ಅದಕ್ಕೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ಅವರು 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ಉತ್ತರವೇ ಆ ಬರಹ. ಅಂದಿನ ವಿಶಾಲವಾದ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದುವೆಂದೂ ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು, ಇಂಗ್ಲಿಷ್ ಶಾಲೆಗಳೆಂದೂ ಅದರಿಂದ ತಿಳಿಯುತ್ತದೆ. ಲಿಂಗಧಾರಿಗಳ ಮಕ್ಕಳು ಬಸವಪುರಾಣ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣಗಳನ್ನು ಓದುತ್ತಿದ್ದರೆಂಬ ಮಾತೂ ಅಲ್ಲಿದೆ.

ಆದರೆ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಮಗು ಯಾವುದರ ಮೇಲೆ, ಯಾವುದರಿಂದ ಬರೆಯುತ್ತಿತ್ತೆಂಬ ವಿವರಣೆ. ಮೊದಲು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ತಿದ್ದುವುದು. ಬೆರಳು ಪಳಗಿದ ಮೇಲೆ ಹಲಗೆ ಇಲ್ಲವೆ ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ ನುಣುಪು ಮಾಡಿದ ಮರದ ತುಂಡು. ಅದಕ್ಕೆ ಅನ್ನವನ್ನೂ ಇದ್ದಿಲಪುಡಿಯನ್ನೂ ಬಳಿದರೆ ಬರೆಯಲು ಸಿದ್ಧ. ಕಡತವೆಂದರೆ ಗಂಜಿಯಲ್ಲಿ ಬಿರುಸುಗೊಳಿಸಿ, ಪುಸ್ತಕದ ಹಾಗೆ ಮಡಿಚಿ, ಇದ್ದಿಲನ್ನೂ ಅಂಟುಗಳನ್ನೂ ಲೇಪಿಸಿದ ಬಟ್ಟೆ. ಎರಡರ ಮೇಲೆಯೂ ಬಳಪದಲ್ಲಿ ಬರೆದು ಒದ್ದೆಬಟ್ಟೆಯಿಂದ ಒರೆಸಬಹುದಾಗಿತ್ತು. ಸಂತೆಯಲ್ಲಿ ಸಿಕ್ಕುವ ಬಟ್ಟೆ, ಒಲೆಯಲ್ಲಿ ಸಿಕ್ಕುವ ಇದ್ದಿಲು, ಊರ ಬಡಗಿ ಕೊಡುವ ಮರ, ಇಷ್ಟರಿಂದ ಶಾಲೆ ನಡೆಯುತ್ತಿತ್ತು. ಕೆಟ್ಟರೆ ಸರಿಪಡಿಸಲು ಪರಸ್ಥಳದವರನ್ನು ಕರೆಯಬೇಕಾದ ಪ್ರಮೇಯವಿರಲಿಲ್ಲ. ಈ ಮಿತವ್ಯಯವನ್ನೂ, ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನೂ ಕ್ಯಾಂಬೆಲ್ ಮನಸಾರೆ ಹೊಗಳಿದ್ದಾರೆ.

ಆದರೆ ಅದೇ ಲೇಖನಿ ಒಂದು ಕಠೋರ ಸತ್ಯವನ್ನೂ ಬರೆಯಿತು. ಮಕ್ಕಳು ನೂರಾರು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥ ಮಾತ್ರ ತಿಳಿಯದು. ಕಾವ್ಯಭಾಷೆಯನ್ನು ಬಿಡಿಸಿ ಹೇಳಬಲ್ಲ ಗುರುಗಳು ವಿರಳ ಎಂಬುದು ಅವರ ಆಕ್ಷೇಪ. ಕನ್ನಡ ಪಂಡಿತರಿಗೆ ಈ ಮಾತು ಕಹಿಯಾದರೂ ಅಲ್ಲಗಳೆಯುವಂತಹುದಲ್ಲ. ಸಾಧನ ಎಷ್ಟೇ ಸುಲಭವಾಗಿರಲಿ, ಸ್ವದೇಶಿಯಾಗಿರಲಿ, ಅದರ ಮೇಲೆ ಮೂಡುವ ಅಕ್ಷರದ ಅರ್ಥವನ್ನು ಮಗುವಿನ ಮನಸ್ಸಿಗೆ ದಾಟಿಸುವ ಗುರುವಿಲ್ಲದಿದ್ದರೆ ವಿದ್ಯೆ ಗಿಳಿಪಾಠವಾಗುತ್ತದೆ. ಇನ್ನೂರು ವರ್ಷಗಳ ಹಿಂದಿನ ಈ ಎರಡು ಮಾತುಗಳು, ಒಂದು ಮೆಚ್ಚುಗೆ, ಒಂದು ಆಕ್ಷೇಪ, ಇಂದು ಶಾಲೆಗಳಿಗೆ ಬರುತ್ತಿರುವ ಬೆಳಕಿನ ಹಲಗೆಗಳನ್ನು ಅಳೆಯಲು ಸಾಕಾದ ಅಳತೆಗೋಲುಗಳಾಗಿವೆ.

ಇಂದು ದಾನಿಗಳು ಶಾಲೆಗೆ ಏನನ್ನಾದರೂ ಕೊಡಬೇಕೆಂದು ಬಯಸಿದಾಗ ಮೊದಲು ನೆನಪಾಗುವುದು ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಗಣಕಯಂತ್ರ. ಹಿಂದೆ ಕೊಠಡಿ ಕಟ್ಟಿಸಿದವರ, ಗಡಿಯಾರ ಕೊಟ್ಟವರ ಹೆಸರು ಗೋಡೆಯ ಮೇಲೆ ಇರುತ್ತಿದ್ದಂತೆ ಈಗ ಯಂತ್ರದ ಪಕ್ಕದಲ್ಲಿ ಇರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ದಾಸೋಹದ ಪರಂಪರೆಯುಳ್ಳ ಸಮಾಜದಲ್ಲಿ ಕಾಲಕ್ಕೆ ತಕ್ಕ ದಾನ ಶ್ಲಾಘ್ಯವೇ. ಆದರೆ ಯಂತ್ರ ಬಂದ ದಿನದ ಹಾರತುರಾಯಿಗಳು ಒಣಗಿದ ಮೇಲೆ ಏನಾಗುತ್ತದೆಂಬುದನ್ನು ಯಾವ ಶಾಲೆಯ ಜವಾನನೂ ಹೇಳಬಲ್ಲ. ಮೊದಲ ವರ್ಷ ಉತ್ಸಾಹ. ಎರಡನೆಯ ವರ್ಷ ಬ್ಯಾಟರಿಯ ತೊಂದರೆ. ಮೂರನೆಯ ವರ್ಷ ಎರೆಸೀಮೆಯ ಧೂಳು ಕೂರದಿರಲೆಂದು ಮೇಲೆ ಒಂದು ಬಟ್ಟೆ. ಆಮೇಲೆ ಆ ಬಟ್ಟೆಯನ್ನು ತೆಗೆಯುವವರಿಲ್ಲ. ಎಲ್ಲ ಶಾಲೆಗಳ ಕಥೆಯೂ ಹೀಗೆಯೇ ಎಂದಲ್ಲ. ಆದರೆ ಹೀಗಾದ ಶಾಲೆಗಳು ಅಪರೂಪವೂ ಅಲ್ಲ. ಕೊಟ್ಟವರದು ತಪ್ಪಲ್ಲ, ಪಡೆದವರದೂ ಪೂರ್ತಿ ತಪ್ಪಲ್ಲ; ಕೊಡುವ ಕ್ರಮದಲ್ಲಿಯೇ ಒಂದು ಕೊರತೆಯಿದೆ. ಸಾಧನಕ್ಕೆ ದಾನ ಬರುತ್ತದೆ, ಅದರ ದುರಸ್ತಿಗೆ ಬರುವುದಿಲ್ಲ. ಅದರ ಮೇಲೆ ಮೂಡಬೇಕಾದ ಪಾಠದ ರಚನೆಗಂತೂ ಬರುವುದೇ ಇಲ್ಲ.

ಎರವಲು ಸಾಧನದ ಗತಿ ಏನೆಂಬುದಕ್ಕೆ ತುಂಗಭದ್ರೆಯ ಆಚೆ ದಡವೇ ಸಾಕ್ಷಿ. 1975ರ ಆಗಸ್ಟ್ 1ರಂದು ಭಾರತದಲ್ಲಿ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ, ಅಂದರೆ ‘ಸೈಟ್’, ಆರಂಭವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಕಾರ್ಯಕ್ರಮಗಳು ನೇರವಾಗಿ ಬಂದುವು. ಕರ್ನಾಟಕದಲ್ಲಿ ಆರಿಸಿಕೊಂಡಿದ್ದುದು ರಾಯಚೂರು, ಗುಲಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಸಿರುಗುಪ್ಪದ ಎದುರು ದಡದ ಜಿಲ್ಲೆಗೆ ಬಂದ ಭಾಗ್ಯ ಈ ದಡಕ್ಕೆ ಬರಲಿಲ್ಲ. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ವಯಸ್ಕರಿಗೆ ಕಾರ್ಯಕ್ರಮ, ತಂತಿಯ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿಯಂತಹ ಆಂಟೆನಾ, ಕನ್ನಡದಲ್ಲಿಯೇ ಪಾಠ. ಜಗತ್ತೇ ಬೆರಗಾಗಿ ನೋಡಿದ ಸಾಹಸ ಅದು. ಭಾರತದ ವಿಜ್ಞಾನಿಗಳಿಗೆ ಅದರಿಂದ ದೊರೆತ ಅನುಭವ ಅಮೂಲ್ಯವಾದುದೆಂಬುದರಲ್ಲಿ ಸಂದೇಹವಿಲ್ಲ. ಮುಂದಿನ ಇನ್ಸಾಟ್ ಉಪಗ್ರಹಗಳ ಕಾಲಕ್ಕೆ ಅದು ತಳಹದಿಯಾಯಿತು. ಆದರೆ ಉಪಗ್ರಹ ಎರವಿನದು. ಒಂದು ವರ್ಷ ತುಂಬಿದ 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮರುದಿನದ ಬೆಳಗಿನ ಪಾಠ ಆ ಹಳ್ಳಿಗಳ ಮಕ್ಕಳಿಗೆ ಆಕಾಶದಿಂದ ಬರಲಿಲ್ಲ. ಎಂದಿನಂತೆ ಗುರುವೇ ಮಾಡಬೇಕಾಯಿತು.

ಆ ಬಳಿಕವೂ ಪ್ರಯತ್ನಗಳು ನಿಲ್ಲಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ 1987ರಲ್ಲಿ ಕರಿಹಲಗೆ ಕಾರ್ಯಾಚರಣೆ ಎಂಬ ಯೋಜನೆ ಪ್ರಾಥಮಿಕ ಶಾಲೆಗಳಿಗೆ ಕೊಠಡಿ, ಶಿಕ್ಷಕರು ಮತ್ತು ಪಾಠೋಪಕರಣಗಳನ್ನು ಒದಗಿಸಹೊರಟಿತು. 2004ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಮೇಲೇರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಪ್ರಯೋಗಗಳಲ್ಲಿ ಸೇರಿದ್ದುವು. 2010ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ಆಕಾಶವಾಣಿಯಲ್ಲಿ ‘ಚುಕ್ಕಿ ಚಿನ್ನ’, ‘ಕೇಳಿ ಕಲಿ’ ಪಾಠಗಳು ಬಂದುವು. 2017ರಲ್ಲಿ ‘ದೀಕ್ಷಾ’ ಎಂಬ ಅಂತರಜಾಲ ಭಂಡಾರ ತೆರೆಯಿತು. 2020ರಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದುವು. ಇವೆಲ್ಲವುಗಳಿಂದಲೂ ಒಂದಷ್ಟು ಹಿತವಾಗಿದೆ. ಆದರೆ ಅದೇ 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಹೆಸರಿನಲ್ಲಿ ಶಿಕ್ಷಕರು ಗುಡಿಯ ಕಟ್ಟೆಗೆ, ಸಮುದಾಯ ಭವನಕ್ಕೆ, ಮರದ ನೆರಳಿಗೆ ಹೋಗಿ ಹತ್ತಿಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಕಲಿಸಿದುದನ್ನು ಮರೆಯಲಾಗದು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದು ನಿಂತಿತಾದರೂ ಒಂದು ಸತ್ಯವನ್ನು ತೋರಿಸಿಯೇ ನಿಂತಿತು. ಮನೆಯಲ್ಲಿ ಟಿ.ವಿ. ಇಲ್ಲದ, ಫೋನಿಲ್ಲದ ಮಗುವನ್ನು ತಲುಪಿದ ಮಾಧ್ಯಮ ನಡೆದುಕೊಂಡು ಬಂದ ಗುರುವೇ ಆಗಿದ್ದ.

ಹಾಗಾದರೆ ಯಂತ್ರಗಳು ಬೇಡವೇ? ಇಲ್ಲಿ ಆತುರದ ತೀರ್ಮಾನ ಸಲ್ಲದು. ಜೀವಕೋಶ ಒಡೆದು ಎರಡಾಗುವುದನ್ನು ಸೀಮೆಸುಣ್ಣದಲ್ಲಿ ಎಷ್ಟು ಚೆನ್ನಾಗಿ ಬರೆದರೂ ಅದರ ಚಲನೆ ಕಾಣದು. ಹಿಮನದಿ, ಜ್ವಾಲಾಮುಖಿ, ಸಮುದ್ರದ ಉಬ್ಬರವಿಳಿತ, ಹೃದಯದ ಬಡಿತ ಇವು ಎರೆಹೊಲದ ನಡುವೆ ಬೆಳೆದ ಮಗುವಿನ ಕಣ್ಣಿಗೆ ಬೀಳುವಂತಹವಲ್ಲ. ಇಂತಹ ಪಾಠಗಳಿಗೆ ನುರಿತವರು ತಯಾರಿಸಿದ ಚಲಚ್ಚಿತ್ರವೇ ಉತ್ತಮ. ಅದನ್ನು ಕೊಳ್ಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ. ಚಿತ್ರವಿಲ್ಲದ ಪಾಠ ಕುರುಡೆಂಬುದು ಹೊಸ ಮಾತೂ ಅಲ್ಲ. ಯೂರೋಪಿನಲ್ಲಿ ಕೊಮೇನಿಯಸ್ ಎಂಬ ಶಿಕ್ಷಣವೇತ್ತ 1658ರಲ್ಲಿಯೇ ಮಕ್ಕಳಿಗಾಗಿ ಚಿತ್ರಗಳ ಪಠ್ಯಪುಸ್ತಕವನ್ನು ಅಚ್ಚುಹಾಕಿಸಿದ್ದನು. ಪ್ರಶ್ನೆಯಿರುವುದು ಚಿತ್ರ ಬೇಕೆ ಬೇಡವೆ ಎಂಬುದರಲ್ಲಲ್ಲ. ಯಾವ ಚಿತ್ರವನ್ನು ಕೊಳ್ಳಬೇಕು, ಯಾವುದನ್ನು ಶಾಲೆಯೇ ಮಾಡಬೇಕು ಎಂಬುದರಲ್ಲಿ.

ಇದಕ್ಕೊಂದು ಸರಳ ಸೂತ್ರವನ್ನು ಹೇಳಬಹುದು: ದೂರದ್ದನ್ನು ಕೊಳ್ಳಬೇಕು, ಹತ್ತಿರದ್ದನ್ನು ಮಾಡಬೇಕು. ದೂರದ ವಸ್ತುವಿನ ಚಿತ್ರ ಎಲ್ಲ ಶಾಲೆಗಳಿಗೂ ಒಂದೇ. ಅದನ್ನು ಒಬ್ಬರು ಮಾಡಿ ಎಲ್ಲರಿಗೂ ಕೊಡಬಹುದು. ಹತ್ತಿರದ ವಸ್ತುವಿನ ಚಿತ್ರವನ್ನಾದರೋ ಹೊರಗಿನವರಾರೂ ಮಾಡಿಕೊಡುವುದಿಲ್ಲ. ಬೆಂಗಳೂರಿನಲ್ಲಿ ಅಥವಾ ದೆಹಲಿಯಲ್ಲಿ ಕುಳಿತು ಪಾಠ ತಯಾರಿಸುವವರಿಗೆ ಸಿರುಗುಪ್ಪದ ಗದ್ದೆ ಗೊತ್ತಿಲ್ಲ, ಕುರುಗೋಡಿನ ಬೆಟ್ಟ ಗೊತ್ತಿಲ್ಲ. ಗೊತ್ತಿರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ.

ಅಶೋಕನ ಪಾಠವನ್ನು ತೆಗೆದುಕೊಳ್ಳಿ. ಶಾಸನಗಳಲ್ಲಿ ‘ದೇವಾನಾಂಪ್ರಿಯ’ನೆಂದಷ್ಟೇ ಕರೆದುಕೊಳ್ಳುವ ಆ ಚಕ್ರವರ್ತಿಯ ಸ್ವಂತ ಹೆಸರು ಮಸ್ಕಿಯ ಶಾಸನದಲ್ಲಿ ದೊರೆತುದನ್ನು ಮಕ್ಕಳು ಉರು ಹೊಡೆಯುತ್ತಾರೆ. ಆದರೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಂಗಳಲ್ಲಿ 1970ರ ದಶಕದ ಕೊನೆಯ ಭಾಗದಲ್ಲಿ ಬೆಳಕಿಗೆ ಬಂದ ಬಂಡೆಶಾಸನಗಳಲ್ಲಿಯೂ ಅಶೋಕನ ಹೆಸರಿದೆ. ಮೌರ್ಯ ಸಾಮ್ರಾಜ್ಯದ ಪಾಠವನ್ನು ಕೇಳುತ್ತಿರುವ ಮಗುವಿನ ಮನೆಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಹಿಂದಿರುಗಬಹುದಾದ ಸ್ಥಳಗಳವು. ಯಾವ ಕಂಪನಿಯ ಸ್ಮಾರ್ಟ್ ಕ್ಲಾಸೂ ಇದನ್ನು ತೋರಿಸಲಾರದು. ಶಿಕ್ಷಕರೊಬ್ಬರು ಆ ಬಂಡೆಯ ಚಿತ್ರಗಳನ್ನು ತೆಗೆದು, ಬ್ರಾಹ್ಮಿ ಲಿಪಿಯ ಹತ್ತು ಅಕ್ಷರಗಳನ್ನು ದೊಡ್ಡದಾಗಿ ಬರೆದು, ಮಕ್ಕಳೇ ಅಶೋಕನ ಹೆಸರನ್ನು ಹುಡುಕಿ ಓದುವಂತೆ ಮಾಡಿದರೆ ಅದಕ್ಕಿಂತ ಮಿಗಿಲಾದ ಇತಿಹಾಸದ ಪಾಠವಿಲ್ಲ. ಅದೇ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ನಡೆದ ಉತ್ಖನನದಿಂದ ನವಶಿಲಾಯುಗದ ಜನವಸತಿಯ ವಿವರಗಳು ಹೊರಬಂದಿವೆ. ಬಳ್ಳಾರಿ ನಗರದ ಮಗುವಿಗೆ ಸಂಗನಕಲ್ಲು ಕೂಗಳತೆಯಲ್ಲಿದೆ. ಶಿಲಾಯುಗದ ಕೊಡಲಿಯ ಚಿತ್ರಕ್ಕಾಗಿ ಬೇರೆ ಖಂಡದ ಪುಸ್ತಕವನ್ನು ತೆರೆಯಬೇಕಾಗಿಲ್ಲ.

ಕುರುಗೋಡಿನ ಶಾಲೆಯ ಗಣಿತದ ಶಿಕ್ಷಕರು ದೊಡ್ಡಬಸವೇಶ್ವರನ ಗುಡಿಯ ಅಂಗಳವನ್ನು ಹಗ್ಗದಿಂದ ಅಳೆಸಿ, ಒಂದು ಗಜಕ್ಕೆ ಒಂದು ಅಂಗುಲದಂತೆ ನಕ್ಷೆ ಬರೆಯಿಸಿದರೆ ಪ್ರಮಾಣವೆಂಬ ಪಾಠ ಮಕ್ಕಳ ಕೈಗೆ ಹತ್ತುತ್ತದೆ. ಏಕಶಿಲೆಯ ಆ ಬೃಹತ್ ನಂದಿಯನ್ನು ನಿತ್ಯ ನೋಡುವ ಮಕ್ಕಳಿಗೆ ಅದರ ಎತ್ತರವನ್ನು ನೆರಳಿನಿಂದ ಲೆಕ್ಕಹಾಕಬಹುದೆಂದು ಹೊಳೆದಾಗ ಆಗುವ ಆನಂದ ಸಾಮಾನ್ಯವಾದುದಲ್ಲ. ಸಿರುಗುಪ್ಪದ ಶಾಲೆಯಲ್ಲಿ ಕಾಲುವೆಯ ನಕ್ಷೆ, ಸಸಿಮಡಿಯಿಂದ ಗಿರಣಿಯವರೆಗೆ ಬತ್ತದ ಪಯಣದ ಚಿತ್ರಮಾಲೆ, ಒಳ್ಳೆಯ ಮಣ್ಣು ಮತ್ತು ಸವಳು ಹಿಡಿದ ಮಣ್ಣಿನ ಸೀಸೆಗಳು ಇರಬೇಕು. ನೀರು ಹೆಚ್ಚಾದರೆ ನೆಲ ಏಕೆ ಸವಳಾಗುತ್ತದೆಂಬುದು ಆ ಮಕ್ಕಳ ಮನೆಯ ಅನ್ನದ ಪ್ರಶ್ನೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಯ ಮಗುವಿಗೆ ಬಟ್ಟೆ ಕತ್ತರಿಸುವ ಮಾದರಿಯ ಕಾಗದವೇ ಕ್ಷೇತ್ರಗಣಿತದ ಪಾಠೋಪಕರಣವಾಗಬಲ್ಲದು.

ಈ ನಾಡಿಗೆ ಬೆಳಕು, ಪರದೆ, ಚಿತ್ರ, ಧ್ವನಿಗಳನ್ನು ಸೇರಿಸಿ ಕಥೆ ಹೇಳುವ ವಿದ್ಯೆ ಯಂತ್ರದೊಂದಿಗೆ ಬಂದುದಲ್ಲ. ತೊಗಲುಗೊಂಬೆಯಾಟ ಅದೇ ಅಲ್ಲವೇ? ಬಳ್ಳಾರಿಯ ನಾಡೋಜ ಬೆಳಗಲ್ಲು ವೀರಣ್ಣನವರು ರಾಮಾಯಣದ ಆ ಪರದೆಯ ಮೇಲೆಯೇ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯವರ ಬದುಕನ್ನೂ ಆಡಿಸಿ ತೋರಿಸಿದರು. 2023ರಲ್ಲಿ ಅವರು ತೀರಿಕೊಂಡರು. ಹಳೆಯ ಸಾಧನದಲ್ಲಿ ಹೊಸ ವಿಷಯವನ್ನು ಹೇಗೆ ಹೇಳಬಹುದೆಂಬುದಕ್ಕೆ ಅವರ ಬಾಳೇ ನಿದರ್ಶನ. ರಟ್ಟಿನ ಗೊಂಬೆ, ಬಿಳಿಯ ಪಂಚೆ, ಒಂದು ದೀಪ ಇಷ್ಟರಿಂದ ಏಳನೆಯ ತರಗತಿಯ ಮಕ್ಕಳು ಒಂದು ಪಾಠವನ್ನು ಆಡಿ ತೋರಿಸಬಲ್ಲರು.

ಕನ್ನಡ ಭಾಷೆಯ ಪಾಠಕ್ಕೆ ಬಂದರೆ ಮೊದಲ ಮಾಧ್ಯಮ ಕಂಠ. ಹಳಗನ್ನಡ ಪದ್ಯವನ್ನು ಅಚ್ಚಿನಲ್ಲಿ ಕಂಡು ಹೆದರುವ ವಿದ್ಯಾರ್ಥಿ ಅದನ್ನು ಗಮಕಿಗಳ ಬಾಯಲ್ಲಿ ಪದಚ್ಛೇದದೊಂದಿಗೆ ಕೇಳಿದರೆ ಅರ್ಧ ಅರ್ಥ ತಾನಾಗಿ ತಿಳಿಯುತ್ತದೆ. ಈಗ ಪ್ರತಿಯೊಬ್ಬ ಶಿಕ್ಷಕರ ಜೇಬಿನಲ್ಲಿರುವ ಫೋನು ಧ್ವನಿಮುದ್ರಣ ಯಂತ್ರವೂ ಹೌದು. ಊರಿನ ಗಮಕಿಗಳ, ಪುರಾಣಿಕರ ಧ್ವನಿಯಲ್ಲಿ ಪಠ್ಯದ ಪದ್ಯಗಳನ್ನು ಮುದ್ರಿಸಿಟ್ಟುಕೊಳ್ಳಲು ಹಣ ಬೇಕಾಗಿಲ್ಲ, ಮನಸ್ಸು ಬೇಕು. ಕೊಂಡು ತಂದ ಪಾಠಗಳ ಕನ್ನಡದ ವಿಷಯದಲ್ಲಿಯೂ ಎಚ್ಚರ ಬೇಕು. ಬೇರೆ ಭಾಷೆಯಿಂದ ಪದಕ್ಕೆ ಪದವಿಟ್ಟು ತಂದ ವಾಕ್ಯ, ಮಹಾಪ್ರಾಣವಿಲ್ಲದ ಉಚ್ಚಾರಣೆ, ಸಂಧಿ ತಪ್ಪಿದ ಶೀರ್ಷಿಕೆ ಇವು ಬೆಳಕಿನ ಹಲಗೆಯ ಮೇಲೆ ಮೂಡಿದಾಗ ಮಗು ಅದನ್ನೇ ಪ್ರಮಾಣವೆಂದು ನಂಬುತ್ತದೆ. ಮನೆಯಲ್ಲಿ ತೆಲುಗು, ಉರ್ದು ಮಾತನಾಡುವ ಮಕ್ಕಳು ಈ ಸೀಮೆಯ ತರಗತಿಗಳಲ್ಲಿ 1823ರಲ್ಲಿದ್ದಂತೆ ಇಂದೂ ಇದ್ದಾರೆ. ಅವರಿಗೆ ಕನ್ನಡದ ಆಸರೆ ಶಾಲೆಯೊಂದೇ. ಅಲ್ಲಿ ಕೇಳುವ ಕನ್ನಡ ಕೆಟ್ಟರೆ ತಿದ್ದುವ ಬೇರೆ ಬಾಗಿಲಿಲ್ಲ.

ಶಿಕ್ಷಕರ ಕಡೆಯಿಂದ ಬರುವ ಉತ್ತರವನ್ನೂ ಆಲಿಸಬೇಕು. ಸಮಯವೆಲ್ಲಿದೆ ಎಂಬುದು ಅವರ ಪ್ರಶ್ನೆ. ಅದು ನೆಪವಲ್ಲ. ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ, ಮೇಲಿನವರಿಗೆ ಕಳುಹಿಸಬೇಕಾದ ಅಂಕಿಅಂಶ ಇವುಗಳ ನಡುವೆ ಪಾಠಕ್ಕೇ ಹೊತ್ತು ಸಾಲದು. ಕಡತ ಎಂಬ ಮಾತಿನ ಗತಿಯನ್ನೇ ನೋಡಬಹುದು. ಅಂದು ಮಗುವಿನ ಕೈಯಲ್ಲಿದ್ದ ಬರೆಯುವ ಬಟ್ಟೆಗೆ ಆ ಹೆಸರಿತ್ತು; ಇಂದು ಅದೇ ಹೆಸರು ಕಚೇರಿಯ ಕಾಗದದ ಕಟ್ಟಿಗೆ ಸಂದಿದೆ, ಮತ್ತು ಅದು ಗುರುವಿನ ಮೇಜಿನ ಮೇಲೆ ಕುಳಿತಿದೆ. ಆದುದರಿಂದ ಪಾಠೋಪಕರಣ ಮಾಡಿರೆಂದು ಬರಿಯ ಆಜ್ಞೆ ಹೊರಡಿಸಿದರೆ ಫಲವಿಲ್ಲ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿಗಳ ಅನುದಾನ ಈ ಕೆಲಸಕ್ಕೆಂದೇ ಬರುತ್ತಿತ್ತು. ಶ್ರದ್ಧೆಯುಳ್ಳವರು ಅದರಿಂದ ಚೊಕ್ಕ ಕೆಲಸ ಮಾಡಿದರು; ಪುರಸತ್ತಿಲ್ಲದವರು ಪೇಟೆಯ ಅಂಗಡಿಯಿಂದ ಸಿದ್ಧ ಚಾರ್ಟುಗಳನ್ನು ತಂದು ಗೋಡೆಗೆ ತೂಗುಹಾಕಿದರು. ಹಣವಿತ್ತು, ಹೊತ್ತಿರಲಿಲ್ಲ. ಇನ್ನು ತಪಾಸಣೆಯ ದಿನಕ್ಕೆಂದು, ವಸ್ತುಪ್ರದರ್ಶನಕ್ಕೆಂದು ಥರ್ಮಾಕೋಲಿನಲ್ಲಿ ಕಟ್ಟಿದ ಮಾದರಿಗಳು ಮರುದಿನ ಅಟ್ಟ ಸೇರುವುದು ಎಲ್ಲರೂ ಬಲ್ಲ ಸಂಗತಿ. ಪ್ರದರ್ಶನಕ್ಕೆ ಮಾಡಿದುದು ಪಾಠಕ್ಕೆ ಬಾರದು.

ಮಾಡಿದರೆ ಆಗುವುದೆಂಬುದಕ್ಕೆ ಕರ್ನಾಟಕದಲ್ಲಿಯೇ ದೃಷ್ಟಾಂತವಿದೆ. ‘ನಲಿ ಕಲಿ’ ಎಂಬ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದ ಸಾಮಾನ್ಯ ಸರ್ಕಾರಿ ಶಿಕ್ಷಕರು ಒಟ್ಟಿಗೆ ಕುಳಿತು, ತಮ್ಮ ಮಕ್ಕಳಿಗೆ ತಕ್ಕಂತೆ ಕಲಿಕೆಯ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರಚಿಸಿದರು. ಮುಂದೆ 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಹಬ್ಬಿದ ಮೇಲೆ ಅದರ ಕಾರ್ಡುಗಳು ಅಚ್ಚಾಗಿ ಮೇಲಿನಿಂದ ಬರತೊಡಗಿದುವು. ಮಾಡಿದವರ ಕೈಯಲ್ಲಿದ್ದ ಜೀವ ಪಡೆದವರ ಕೈಯಲ್ಲಿ ಎಲ್ಲೆಡೆಯೂ ಅಷ್ಟೇ ಉಳಿಯಲಿಲ್ಲ. ನಕ್ಷೆಯನ್ನು ಬರೆದವನಿಗೆ ನಕ್ಷೆ ಗೊತ್ತಾಗುತ್ತದೆ. ತೂಗುಹಾಕಿದವನಿಗೆ ಮೊಳೆ ಎಲ್ಲಿದೆಯೆಂದಷ್ಟೇ ಗೊತ್ತಾಗುತ್ತದೆ. ಪಾಠೋಪಕರಣದ ತಯಾರಿಕೆಯೇ ಶಿಕ್ಷಕನಿಗೆ ದೊರೆಯುವ ಅತ್ಯುತ್ತಮ ತರಬೇತಿ ಎಂಬುದು ಇದರ ತಾತ್ಪರ್ಯ. ಯಂತ್ರವಿದ್ಯೆ ಶಿಕ್ಷಣದಲ್ಲಿ ಯಾರ ಹಿತಕ್ಕೆ, ಯಾರ ಷರತ್ತಿನ ಮೇಲೆ ನಡೆಯಬೇಕೆಂಬ ಪ್ರಶ್ನೆಯನ್ನು ಯುನೆಸ್ಕೋ ಸಂಸ್ಥೆಯ 2023ರ ಜಾಗತಿಕ ಶಿಕ್ಷಣ ವರದಿಯೂ ಎತ್ತಿದೆ. ಯಂತ್ರ ಗುರುವಿಗೆ ಪೂರಕವಾಗಬೇಕೇ ಹೊರತು ಗುರುವಿನ ಸ್ಥಾನವನ್ನು ಆಕ್ರಮಿಸಬಾರದೆಂಬುದೇ ಅದರ ಒಲವು.

ಮಠಮಾನ್ಯಗಳ ಆಶ್ರಯದಲ್ಲಿ ನಡೆಯುವ ಶಾಲೆಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಪ್ರತಿಯೊಂದಕ್ಕೂ ಮೇಲಿನ ಆಜ್ಞೆಗಾಗಿ ಕಾಯಬೇಕಾಗಿಲ್ಲ. ವಾರಕ್ಕೆ ಎರಡು ಅವಧಿಗಳನ್ನು ಪಾಠೋಪಕರಣದ ರಚನೆಗೆಂದು ಶಿಕ್ಷಕರ ವೇಳಾಪಟ್ಟಿಯಲ್ಲಿಯೇ ಬಿಡುವುದು ಮೊದಲ ಹೆಜ್ಜೆ. ಒಂದು ಕೊಠಡಿಯನ್ನು ಭಂಡಾರವಾಗಿ ಮೀಸಲಿಟ್ಟು, ಮಾಡಿದ ಪ್ರತಿಯೊಂದು ವಸ್ತುವಿಗೂ ಹೆಸರು, ತರಗತಿ, ಪಾಠ, ಮಾಡಿದವರು, ಬಳಸಿದ ದಿನ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಎರಡನೆಯದು. ಬಳಸಿದ ದಿನದ ಅಂಕಣ ಖಾಲಿಯಿದ್ದರೆ ಆ ವಸ್ತು ಅಲಂಕಾರವೆಂದೇ ತಿಳಿಯಬೇಕು. ಒಂದು ಶಾಲೆಯಲ್ಲಿ ಮಾಡಿದುದನ್ನು ಇನ್ನೊಂದಕ್ಕೆ ಎರವಲು ಕೊಡುವ ಏರ್ಪಾಡು ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ನಡುವೆ ಕಷ್ಟದ್ದೇನಲ್ಲ. ತಪ್ಪುಗಳಿರದಂತೆ ಭಾಷೆಯನ್ನು ಕನ್ನಡದ ಅಧ್ಯಾಪಕರೂ ವಿಷಯವನ್ನು ಆಯಾ ವಿಷಯದ ಹಿರಿಯರೂ ನೋಡಿ ಒಪ್ಪಿದ ಮೇಲೆಯೇ ಅದು ತರಗತಿಗೆ ಹೋಗತಕ್ಕದ್ದು. ಮನೆಯಲ್ಲಿ ಮಾಡಿದುದೆಂಬ ಕಾರಣಕ್ಕೆ ತಪ್ಪು ಸರಿಯಾಗದು.

ತರಗತಿಯಲ್ಲಿ ಬಳಸುವಾಗ ಒಂದು ನಿಯಮ ಸಾಕು: ಪ್ರಶ್ನೆಯಿಲ್ಲದೆ ಚಿತ್ರ ತೋರಿಸಬಾರದು. ತೋರಿಸುವ ಮೊದಲು ಏನನ್ನು ನೋಡಬೇಕೆಂದು ಕೇಳಬೇಕು. ನಡುವೆ ನಿಲ್ಲಿಸಿ ಮುಂದೇನಾದೀತೆಂದು ಕೇಳಬೇಕು. ಮುಗಿದ ಮೇಲೆ ಯಂತ್ರವನ್ನು ಆರಿಸಿ ಮಗು ತನ್ನ ಮಾತಿನಲ್ಲಿ ಹೇಳುವಂತೆ ಮಾಡಬೇಕು. ಹಾಗೆ ಮಾಡದೆ ಅರ್ಧ ಗಂಟೆ ಚಲಚ್ಚಿತ್ರವನ್ನು ಓಡಿಸಿದರೆ ಕ್ಯಾಂಬೆಲ್ ಕಂಡ ಗಿಳಿಪಾಠವೇ ಮತ್ತೆ ಬರುತ್ತದೆ. ಅಂದು ಅರ್ಥ ತಿಳಿಯದೆ ಬಾಯಿ ಆಡುತ್ತಿತ್ತು, ಇಂದು ಅರ್ಥ ತಿಳಿಯದೆ ಕಣ್ಣು ಆಡುತ್ತದೆ, ಭೇದವಿಷ್ಟೇ.

ದಾನಿಗಳಲ್ಲಿ ಮಾಡಬೇಕಾದ ವಿಜ್ಞಾಪನೆಯೂ ಇದರಿಂದಲೇ ಹೊರಡುತ್ತದೆ. ಯಂತ್ರಕ್ಕೆ ನೂರು ರೂಪಾಯಿ ಕೊಡುವವರು ಅದರ ದುರಸ್ತಿಗೆ ಇಪ್ಪತ್ತನ್ನೂ ಪಾಠದ ರಚನೆಗೆ ಇಪ್ಪತ್ತನ್ನೂ ಸೇರಿಸಿ ಕೊಡುವುದಾದರೆ ಆ ನೂರು ಸಾರ್ಥಕವಾಗುತ್ತದೆ. ಅಷ್ಟು ಸಾಧ್ಯವಿಲ್ಲದಿದ್ದರೆ ಎರಡು ಯಂತ್ರಗಳ ಬದಲು ಒಂದನ್ನೇ ಕೊಟ್ಟು ಉಳಿದ ಹಣದಲ್ಲಿ ಅದನ್ನು ಬದುಕಿಸುವುದು ಲೇಸು. ದುರಸ್ತಿಗೆ ಕೊಟ್ಟ ಹಣಕ್ಕೆ ಫಲಕವಿಲ್ಲವೆಂಬುದು ನಿಜ. ಆದರೆ ಬಟ್ಟೆ ಹೊದ್ದು ಮಲಗಿದ ಯಂತ್ರದ ಮೇಲಿನ ಫಲಕ ಕೊಟ್ಟವರ ಹೆಸರಿಗೆ ಶೋಭೆಯೇ?

ಹಳೆಯ ವಿದ್ಯಾರ್ಥಿಗಳು ಹಣಕ್ಕಿಂತ ಹೆಚ್ಚಿನದನ್ನು ಕೊಡಬಲ್ಲರು. ಗದ್ದೆ ಮಾಡುವವರು, ಅಕ್ಕಿ ಗಿರಣಿ ನಡೆಸುವವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುವವರು, ವೈದ್ಯರು, ವಕೀಲರು ತಂತಮ್ಮ ಕಾಯಕವನ್ನು ಹತ್ತು ನಿಮಿಷ ಕನ್ನಡದಲ್ಲಿ ವಿವರಿಸಿ ತೋರಿಸಲಿ. ಶಾಲೆ ಅದನ್ನು ಮುದ್ರಿಸಿ ಇಟ್ಟುಕೊಳ್ಳಲಿ. ಐದು ವರ್ಷಗಳಲ್ಲಿ ಆ ಭಂಡಾರಕ್ಕೆ ಸಾಟಿಯಾದುದು ಯಾವ ಪೇಟೆಯಲ್ಲಿಯೂ ಸಿಕ್ಕದು. ತಾನು ಕುಳಿತ ಬೆಂಚಿನಲ್ಲಿಯೇ ಕುಳಿತು ಓದಿದವರೊಬ್ಬರು ಪರದೆಯ ಮೇಲೆ ಕಾಣಿಸಿಕೊಂಡು ತನ್ನ ಮಾತಿನಲ್ಲಿಯೇ ಮಾತನಾಡುವುದನ್ನು ನೋಡುವ ಮಗುವಿಗೆ ವಿದ್ಯೆ ತನ್ನದೆಂಬ ಧೈರ್ಯ ಬರುತ್ತದೆ.

ಇನ್ನೂರು ವರ್ಷಗಳ ಹಿಂದೆ ಈ ಸೀಮೆಯ ಬಡ ಶಾಲೆಗಳು ತಮ್ಮ ಹಲಗೆಯನ್ನು ತಾವೇ ಮಾಡಿಕೊಂಡುವು. ಅರ್ಥವನ್ನು ಹೇಳುವ ಗುರುವಿಲ್ಲದೆ ಸೊರಗಿದುವು. ಇಂದು ಅರ್ಥವನ್ನು ಬಲ್ಲ ಗುರುಗಳಿದ್ದಾರೆ. ಹಲಗೆಯನ್ನು ಮಾಡುವ ಕೈ ಮರೆಯಾಗುತ್ತಿದೆ. ಆ ಕೈಗೆ ಹೊತ್ತನ್ನೂ ಆಸರೆಯನ್ನೂ ಒದಗಿಸುವುದು ಆಡಳಿತ ಮಂಡಳಿಯ, ಅಧ್ಯಾಪಕರ, ದಾನಿಗಳ, ಹಳೆಯ ವಿದ್ಯಾರ್ಥಿಗಳ ಕೂಡು ಕಾಯಕ. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಬರೆಯುವಾಗ ಆ ಎರಡು ಅವಧಿಗಳಿಗೆ ಸ್ಥಳ ದೊರೆತರೆ ಅಷ್ಟರಮಟ್ಟಿಗೆ ಕೆಲಸ ಆರಂಭವಾದಂತೆಯೇ.